ಸದ್ದಿಲ್ಲದೆ ಇಳಿಯುವ ಜೀಪು

ತಮಿಳುನಾಡಿನ ಬೆಟ್ಟದಡಿಯ ಊರು ಬೋಡಿಯ ಜೀಪ್ ಸ್ಟ್ಯಾಂಡಿನಲ್ಲಿ ಡೀಸೆಲ್ ಕದ್ದವನನ್ನು ಪೊಲೀಸರಿಗೆ ಒಪ್ಪಿಸುವ ಪದ್ಧತಿ ಇರಲಿಲ್ಲ. ಅವನನ್ನು ಜೀಪಿನ ಹಿಂಬದಿಯ ಸ್ಟೆಪ್ನಿ ಚಕ್ರಕ್ಕೆ ಮುಖ ಮಾಡಿ ಕಟ್ಟಿ, ಹಳೆಯ ಫ್ಯಾನ್ ಬೆಲ್ಟಿನಿಂದ ಹೊಡೆಯುತ್ತಿದ್ದರು. ಬೆಲ್ಟಿನ ಒಳಮೈಯಲ್ಲಿ ಹಲ್ಲುಗಳಿರುತ್ತವೆ. ಪ್ರತಿ ಏಟಿಗೂ ಬೆನ್ನ ಮೇಲೆ ಒಂದು ಏಣಿ ಏಳುತ್ತದೆ. ಅಂಥ ಏಣಿ ಹೊತ್ತವರು ಸ್ಟ್ಯಾಂಡಿನಲ್ಲಿ ಹಲವರಿದ್ದರು, ಕದ್ದವರೂ ಕದಿಯದವರೂ. ಒಂದು ತಗಡಿನ ಉಂಗುರದ ದೆಸೆಯಿಂದ ಏಟು ತಿಂದವರ ವಿಷಯ ಹೇಳಬೇಕಾದರೆ ಮಾತ್ರ ಮೆಕ್ಯಾನಿಕ್ ಸೀನಿಚ್ಚಾಮಿಯಿಂದ ಶುರು ಮಾಡಬೇಕು.

ಸೀನಿಚ್ಚಾಮಿಯ ಶೆಡ್ಡು ಮುಂದಲ್ ರಸ್ತೆಯಲ್ಲಿ, ಬೆಟ್ಟ ಶುರುವಾಗುವುದಕ್ಕೆ ಮೊದಲು ಸಿಗುವ ಕೊನೆಯ ಶೆಡ್ಡು. ಹೆಣ್ಣುಮಕ್ಕಳ ಕಾಲೇಜಿನಲ್ಲಿ ನಾನು ಭೌತಶಾಸ್ತ್ರ ಕಲಿಸಿದ ಅಷ್ಟೂ ವರ್ಷ ನನ್ನ ಕಾರು ಅವನ ಕೈಯಲ್ಲೇ ಇತ್ತು. ಮದುರೆಯ ಒಂದು ವರ್ಕ್‌ಶಾಪಿನಲ್ಲಿ ಅವನು ಕೆಲಸ ಕಲಿತಿದ್ದ. ಅಲ್ಲಿ ಒಂದು ಸಲ, ಇಂಜಿನ್ ಬಿಚ್ಚಿ ನೋಡದೆ ಪಂಪ್ ಕೆಟ್ಟಿದೆ ಎಂದು ಊಹಿಸಿ ಹೇಳಿದ್ದಕ್ಕೆ ಮೇಸ್ತ್ರಿ ಅವನ ಹೆಬ್ಬೆರಳನ್ನು ಸ್ಪ್ಯಾನರಿನಿಂದ ಜಜ್ಜಿದ್ದನಂತೆ. ಆ ಮೇಸ್ತ್ರಿಯನ್ನು ಅವನು ಬೈದದ್ದನ್ನು ನಾನು ಕೇಳಿಲ್ಲ. ಆ ಬೆರಳು ವಾರೆಯಾಗಿಯೇ ಕೂಡಿಕೊಂಡಿತ್ತು. ಅಂದಿನಿಂದ ಬಿಚ್ಚಿ ನೋಡದ ಯಾವುದನ್ನೂ ಅವನು ನಂಬುತ್ತಿರಲಿಲ್ಲ, ಬಿಚ್ಚಿದ ಮೇಲೂ ಅರ್ಧ ಮಾತ್ರ ನಂಬುತ್ತಿದ್ದ. ನಮ್ಮ ಕಾಲೇಜಿನ ಒಬ್ಬರು ಕೊಟ್ಟ ಪೆಟ್ರೋಲ್ ಉಳಿಸುವ ಮಾತ್ರೆಯನ್ನು ನಾನು ಒಮ್ಮೆ ಟ್ಯಾಂಕಿಗೆ ಹಾಕಿದ್ದೆ. ವಿಷಯ ತಿಳಿದವನೇ ನನ್ನನ್ನು ಕೇಳದೆ ಟ್ಯಾಂಕಿನ ಪೆಟ್ರೋಲನ್ನು ಬಕೆಟ್ಟಿಗೆ ಬಸಿದುಬಿಟ್ಟ.

"ಟೀಚರಮ್ಮ, ಕಾರಿಗೆ ಜ್ವರ ಬಂದಿತ್ತಾ, ಮಾತ್ರೆ ನುಂಗಿಸಿದೀರಿ?" ಎಂದ. ಬಕೆಟ್ಟಿನ ತಳದಲ್ಲಿ ಮೇಣದಂಥ ಗಸಿ ನಿಂತಿತ್ತು. ಭೌತಶಾಸ್ತ್ರ ಕಲಿಸುವವಳಿಗೆ ನಾಚಿಕೆಯಾಗಬೇಕಾದದ್ದೇ, ಆಯಿತು.

ಅವನು ಒಳ್ಳೆಯವನೆಂದು ನಾನು ಹೇಳುತ್ತಿಲ್ಲ. ಮುಂಗೋಪಿ. ನಕಲಿ ಆಯಿಲ್ ಮಾರಿದವನೊಬ್ಬನನ್ನು ರಬ್ಬರ್ ಪೈಪಿನಿಂದ ರಸ್ತೆಯುದ್ದಕ್ಕೂ ಅಟ್ಟಿಸಿಕೊಂಡು ಹೋಗಿ ಹೊಡೆದದ್ದನ್ನು ನಾನೇ ಕಂಡಿದ್ದೇನೆ. ಮನೆಯಲ್ಲೂ ಮಾತು ಕಡಿಮೆ, ತಟ್ಟೆ ಎಸೆಯುವುದು ಹೆಚ್ಚು. ಹೆಂಡತಿ ಪೇಚ್ಚಿಯಮ್ಮಾಳ್ ಅವನಿಗೆ ಹೆದರುತ್ತಿರಲಿಲ್ಲ. ದಿನಾ ಬೆಳಿಗ್ಗೆ ಆರಕ್ಕೆ ಬುತ್ತಿ ಡಬ್ಬಿಯನ್ನೂ ಕಳೆ ಕೊಯ್ಯುವ ಕುಡುಗೋಲನ್ನೂ ಹಿಡಿದು ಜೀಪ್ ಹತ್ತಿ, ಬೆಟ್ಟದ ಆಚೆ ಕೇರಳದ ಏಲಕ್ಕಿ ತೋಟಕ್ಕೆ ಹೋಗಿ, ಸಂಜೆ ಅದೇ ಜೀಪಿನಲ್ಲಿ ಇಳಿಯುತ್ತಿದ್ದಳು. ಊರಿನ ನೂರಾರು ಹೆಂಗಸರ ಬದುಕೇ ಹಾಗೆ. ಒಂದು ಜೀಪಿಗೆ ಹದಿನಾರು ಜನ, ಹೇರ್‌ಪಿನ್ ತಿರುವುಗಳು ಒಂದರ ತಲೆಯ ಮೇಲೊಂದು, ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಏನೂ ಇಲ್ಲ.

ಡೀಸೆಲ್ ಬೆಲೆ ಮೇಲಿಂದ ಮೇಲೆ ಏರುತ್ತಿದ್ದ ವರ್ಷ, ಹನ್ನೊಂದು ಜೀಪುಗಳ ಮಾಲೀಕ ತಂಗಮುಡಿ ಕೊಯಮತ್ತೂರಿನಿಂದ ಒಬ್ಬನನ್ನು ಕರೆತಂದ. ಹೆಸರು ಗುಣಶೇಖರನ್. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಸೂಟ್‌ಕೇಸು. ಅದರ ತುಂಬ ತಗಡಿನ ಉಂಗುರಗಳು. ಡೀಸೆಲ್ ಪೈಪಿಗೆ ಒಂದು ಉಂಗುರ ಹಾಕಿದರೆ ಒಳಗಿನ ಅಯಸ್ಕಾಂತ ಡೀಸೆಲ್ಲಿನ ಕಣಗಳನ್ನು ಸಾಲಾಗಿ ನಿಲ್ಲಿಸುತ್ತದೆ, ಲೀಟರಿಗೆ ಹತ್ತು ಕಿಲೋಮೀಟರ್ ಓಡುವ ಗಾಡಿ ಹದಿಮೂರು ಓಡುತ್ತದೆ ಎಂದ. ನಂಬದವರಿಗಾಗಿ ಪರೀಕ್ಷೆಯನ್ನೂ ಮಾಡಿ ತೋರಿಸಿದ. ಒಂದು ಲೀಟರ್ ಡೀಸೆಲ್ ತುಂಬಿದ ಬಾಟಲಿಯನ್ನು ಮುಂದಿನ ಗಾಜಿಗೆ ನೇತುಹಾಕಿ, ಅದರಿಂದ ಇಂಜಿನ್ನಿಗೆ ಪೈಪ್ ಕೊಟ್ಟು, ಬಾಟಲಿ ಖಾಲಿಯಾಗುವವರೆಗೆ ಓಡಿಸುವುದು. ಮೊದಲು ಉಂಗುರವಿಲ್ಲದೆ, ಆಮೇಲೆ ಉಂಗುರ ಹಾಕಿ. ಎರಡನೆಯ ಸಲ ನಿಜಕ್ಕೂ ಎರಡು ಕಿಲೋಮೀಟರ್ ಹೆಚ್ಚು ಬಂತು. ಸ್ಟ್ಯಾಂಡಿನಲ್ಲಿ ಚಪ್ಪಾಳೆ ಬಿತ್ತು.

ಗುಂಪಿನ ಹಿಂದೆ ನಿಂತಿದ್ದ ಸೀನಿಚ್ಚಾಮಿ ಮುಂದೆ ಬಂದ.

"ಮೊದಲನೇ ಸಲ ಇಂಜಿನ್ ತಣ್ಣಗಿತ್ತು. ಹಿಂದೆ ಆರು ಜನ ಕೂತಿದ್ರು. ಎರಡನೇ ಸಲಕ್ಕೆ ಇಂಜಿನ್ ಕಾದಿತ್ತು, ನಾಲ್ಕು ಜನ ಅಲ್ಲಿ ನಿಂತು ಟೀ ಕುಡೀತಿದ್ರು. ಅವರನ್ನ ಇಳಿಸಿದ್ದೂ ನಿನ್ನ ಉಂಗುರಾನೇನಪ್ಪಾ?"

ಕೆಲವರು ನಕ್ಕರು. ತಂಗಮುಡಿ ನಗಲಿಲ್ಲ. ಹನ್ನೊಂದು ಉಂಗುರಗಳನ್ನು ಅವನು ಅದಾಗಲೇ ಕೊಂಡಿದ್ದ. ಅವನ ಜೊತೆಗಿದ್ದವನೊಬ್ಬ ಸೀನಿಚ್ಚಾಮಿಯ ಮೂಗಿಗೆ ಗುದ್ದಿದ. ಇವನೂ ಬಿಡಲಿಲ್ಲ, ಗುದ್ದಿದವನ ಮಣಿಕಟ್ಟನ್ನು ತಿರುಚಿ ಮುರಿದ. ಬಿಡಿಸುವ ಹೊತ್ತಿಗೆ ಇಬ್ಬರ ಅಂಗಿಯೂ ಕೆಂಪಾಗಿತ್ತು. ತಂಗಮುಡಿ ತನ್ನ ಡ್ರೈವರುಗಳ ಕಡೆ ತಿರುಗಿ, ನಾಳೆಯಿಂದ ಲೀಟರಿಗೆ ಹದಿಮೂರು ಬರಬೇಕು, ಕಡಿಮೆ ಬಂದರೆ ಮಿಕ್ಕ ಡೀಸೆಲ್ ಯಾರ ಹೊಟ್ಟೆಗೆ ಹೋಯಿತೆಂದು ತಾನು ಕೇಳುವುದಿಲ್ಲ, ಬೆಲ್ಟ್ ಕೇಳುತ್ತದೆ ಎಂದ.

ಬೆಲ್ಟ್ ಮೊದಲು ಕೇಳಿದ್ದು ಒಂಡಿವೀರನನ್ನು. ಪೇಚ್ಚಿಯಮ್ಮಾಳ್ ಹತ್ತುತ್ತಿದ್ದ ಜೀಪಿನ ಡ್ರೈವರ್ ಅವನು, ಹದಿನೆಂಟು ವರ್ಷ ಒಂದು ತೊಟ್ಟು ಕದ್ದವನಲ್ಲ. ವಾರದ ಕೊನೆಗೆ ಅವನ ಗಾಡಿಗೆ ಹತ್ತೂಕಾಲು ಬಂತು. ಹೆಂಗಸರು ಸಂಜೆ ಇಳಿದು ಮನೆಗೆ ಹೊರಡುವ ಹೊತ್ತಿಗೆ ಸರಿಯಾಗಿ, ಎಲ್ಲರೂ ನೋಡಲೆಂದೇ, ಅವನನ್ನು ಸ್ಟೆಪ್ನಿಗೆ ಕಟ್ಟಿದರು. ಇಪ್ಪತ್ತು ಏಟು. ಹನ್ನೆರಡನೆಯದಕ್ಕೆ ಮೂತ್ರ ಹೋಯಿತು. ಮುಂದಿನ ವಾರ ಅದೇ ಒಂಡಿವೀರನ ಗಾಡಿ ಹದಿಮೂರೂವರೆ ಕೊಟ್ಟಿತು. ತಿಂಗಳೊಳಗೆ ಹನ್ನೊಂದೂ ಜೀಪುಗಳು ಹದಿಮೂರರ ಮೇಲೆ ನಿಂತವು. ಗುಣಶೇಖರನ್ ಅಕ್ಕಪಕ್ಕದ ಊರುಗಳಾದ ಕಂಬಂ, ತೇನಿಯಲ್ಲೂ ಉಂಗುರ ಮಾರಲು ಹೊರಟ. ಬೋಡಿಗೆ ಹೋಗಿ ಕೇಳಿ ಎನ್ನುವುದೇ ಅವನ ಜಾಹೀರಾತು.

ಸೀನಿಚ್ಚಾಮಿ ಒಂದು ಉಂಗುರವನ್ನು ಕಳಚಿಕೊಂಡು ನನ್ನ ಮನೆಗೆ ಬಂದ. ಉಳಿಯಿಂದ ಸೀಳಿದಾಗ ಒಳಗೆ ಎರಡು ಪುಟ್ಟ ಅಯಸ್ಕಾಂತದ ತುಂಡುಗಳು, ಸುತ್ತ ಡಾಂಬರು. ಇದರಿಂದ ಡೀಸೆಲ್ಲಿಗೆ ಏನೂ ಆಗುವುದಿಲ್ಲವೆಂದು ನಾನು ಹೇಳಿದೆ.

"ಅದು ನನಗೂ ಗೊತ್ತು ಟೀಚರಮ್ಮ," ಎಂದ. "ಆದ್ರೆ ಗಾಡಿ ಹದಿಮೂರು ಕೊಡ್ತಿರೋದು ಸುಳ್ಳಲ್ಲ. ನಾನೇ ಅಳೆದೆ. ಉಂಗುರ ಕೊಡ್ತಿಲ್ಲ ಅಂದ್ರೆ ಇನ್ಯಾರೋ ಕೊಡ್ತಿದಾರೆ."

ಯಾರೆಂದು ಅವನಿಗೆ ತಿಳಿದದ್ದು ಮನೆಯಲ್ಲೇ. ಒಂದು ಸಂಜೆ ಸಜ್ಜೆ ಗಂಜಿಗೆ ಒಣಮೀನು ಸುಡುತ್ತಾ ಪೇಚ್ಚಿ, ನೀನು ಏನೇ ಬೈದುಕೋ, ಉಂಗುರ ಬಂದ ಮೇಲೆ ಗಾಡಿ ಎಷ್ಟು ಮೆತ್ತಗಾಗಿದೆ ಎಂದಳು. ಹತ್ತುವಾಗ ಮೊದಲಿನ ಹಾಗೇ ಕಿರುಚುತ್ತದೆ, ಇಳಿಯುವಾಗ ಮಾತ್ರ ಹೂವಿನ ಹಾಗೆ ಇಳಿಯುತ್ತದೆ, ಸದ್ದೇ ಇಲ್ಲ, ಹಕ್ಕಿ ಕೂಗೂ ಕೇಳಿಸುತ್ತದೆ, ಮುದುಕಿ ಕರುಪ್ಪಾಯಿ ನಿದ್ದೆಯನ್ನೂ ಮಾಡುತ್ತಾಳೆ. ಇಂಜಿನ್ನನ್ನು ಮೆತ್ತಗೆ ಮಾಡುವುದೂ ಉಂಗುರದ ಗುಣ ಎಂದು ತಂಗಮುಡಿ ಹೆಂಗಸರಿಗೆಲ್ಲ ಹೇಳಿದ್ದ. ಅವರು ನಂಬಿದ್ದರು.

ಸೀನಿಚ್ಚಾಮಿಯ ಕೈಯಲ್ಲಿದ್ದ ತಟ್ಟೆ ಗೋಡೆಗೆ ಹೋಯಿತು.

"ಮೆತ್ತಗಾದದ್ದಲ್ಲ ಕಣೇ, ನಿಲ್ಲಿಸಿದಾನೆ. ಬೆಟ್ಟದ ತುದೀಲಿ ಇಂಜಿನ್ ನಿಲ್ಲಿಸಿ, ನ್ಯೂಟ್ರಲ್‌ಗೆ ಹಾಕಿ, ಉರುಳಿಸ್ಕೊಂಡು ಬರ್ತಿದಾನೆ. ಇಳಿಯೋವಾಗ ಡೀಸೆಲ್ಲೇ ಸುಡದಿದ್ರೆ ಹದಿಮೂರು ಬರದೆ ಏನ್ ಮಾಡುತ್ತೆ? ಬ್ರೇಕಿಗೆ ಅರ್ಧ ಬಲ ಕೊಡೋದು ಇಂಜಿನ್ನು. ಅದು ನಿಂತ್ರೆ ಎರಡು ಸಲ ತುಳಿಯೋವರೆಗೂ ಬ್ರೇಕ್ ಇರುತ್ತೆ. ಮೂರನೇ ಸಲ ಪೆಡಲ್ ಕಲ್ಲು, ತುಳಿದ್ರೂ ಇಳಿಯಲ್ಲ."

ನಾಳೆಯಿಂದ ಆ ಜೀಪ್ ಹತ್ತಬೇಡ ಎಂದ. ಹನ್ನೊಂದರಲ್ಲೂ ಉಂಗುರವಿದೆ, ನಡೆದುಕೊಂಡು ಹೋಗಲೇ ಎಂದು ಅವಳು ಕೇಳಿದಳು. ಅವಳ ಕಣ್ಣಲ್ಲಿ ಇದು ಹೊಸ ಜಗಳವಲ್ಲ. ಮಾರಿಯಮ್ಮನ ಭಸ್ಮವನ್ನು ನಂಬದವನು, ಆಸ್ಪತ್ರೆಯ ಚುಚ್ಚುಮದ್ದನ್ನು ನಂಬದವನು, ಅವಳ ತಮ್ಮನನ್ನು ನಂಬದವನು. ಈಗ ಸದ್ದಿಲ್ಲದ ಜೀಪಿನ ಮೇಲೆ ಬಿದ್ದಿದ್ದಾನೆ, ಅಷ್ಟೆ. ತಟ್ಟೆಯನ್ನು ಎತ್ತಿ ಬಡಿದು ನೆಟ್ಟಗೆ ಮಾಡಿ, ಬೆಳಿಗ್ಗೆ ಆರಕ್ಕೆ ಅದೇ ಜೀಪ್ ಹತ್ತಿದಳು.

ಅವನು ಒಂಡಿವೀರನನ್ನು ಟೀ ಅಂಗಡಿಯ ಹಿಂದೆ ನಿಲ್ಲಿಸಿ ಕೇಳಿದ. ಒಂಡಿವೀರನ್ ಮುಚ್ಚಿಡಲಿಲ್ಲ. ತಂಗಮುಡಿಯ ಮುಂದೆ ಬಂದು ಇದನ್ನೇ ಹೇಳು ಎಂದಾಗ ಮಾತ್ರ ಅಂಗಿ ಎತ್ತಿ ಬೆನ್ನು ತೋರಿಸಿದ. ಗಾಯದ ಕೆಲವು ಕಡೆ ಇನ್ನೂ ಕೀವಿತ್ತು.

"ಮಚ್ಚಾನ್, ಉಂಗುರ ಸುಳ್ಳು ಅಂತ ನಾನು ಹೇಳಿದ್ರೆ ನಾಳೆ ಇಂಜಿನ್ ಹಾಕ್ಕೊಂಡೇ ಇಳೀಬೇಕು. ಇಳಿದ್ರೆ ಹತ್ತು ಬರುತ್ತೆ. ಹತ್ತು ಬಂದ್ರೆ ಈ ಬೆನ್ನು. ನಿನ್ನ ಬಾಯಿಗೋಸ್ಕರ ನನ್ನ ಬೆನ್ನು ಕೊಡಕ್ಕಾಗಲ್ಲ."

ಅವನು ಹೇಳದೆ ಬಿಟ್ಟದ್ದೂ ಒಂದಿತ್ತು. ಹದಿಮೂರಕ್ಕಿಂತ ಮೇಲೆ ಉಳಿದದ್ದನ್ನು ಡ್ರೈವರುಗಳು ಈಗ ಕ್ಯಾನಿನಲ್ಲಿ ಬಸಿದು ಮಾರತೊಡಗಿದ್ದರು. ಕದಿಯದೆ ಇದ್ದಾಗ ಕಳ್ಳರೆಂದು ಹೊಡೆಸಿಕೊಂಡವರು, ಹೊಡೆತ ನಿಂತ ಮೇಲೆ ಕದಿಯಲು ಕಲಿತರು. ಉಂಗುರದ ಸುಳ್ಳನ್ನು ಕಾಯುವ ಕೆಲಸ ಗುಣಶೇಖರನದಾಗಿ ಉಳಿಯಲಿಲ್ಲ, ಅವರದೇ ಆಯಿತು.

ಹದಿನೈದು ದಿನದಲ್ಲಿ ತಂಗಮುಡಿಯ ಇನ್ನೊಬ್ಬ ಡ್ರೈವರ್ ಕಾಸಿಮಾಯನ್ ಸತ್ತ. ಏಳನೆಯ ತಿರುವಿನಲ್ಲಿ ಅವನ ಪೆಡಲ್ ಕಲ್ಲಾಯಿತು. ಕಣಿವೆಯ ಕಡೆಗೆ ಬಿಡದೆ ಬೇಕೆಂದೇ ಬಂಡೆಗೆ ತಿರುಗಿಸಿದ, ಅಷ್ಟನ್ನು ಅವನ ಪರವಾಗಿ ಹೇಳಲೇಬೇಕು. ಸ್ಟೀರಿಂಗ್ ಕಂಬ ಎದೆಯೊಳಗೆ ಹೋಗಿ ಬೆನ್ನಿನಿಂದ ಹೊರಬಂತು. ಪಕ್ಕದಲ್ಲಿ ಕೂತಿದ್ದ ಹೆಂಗಸಿನ ಎರಡೂ ಕಾಲುಗಳನ್ನು ತೇನಿಯ ಆಸ್ಪತ್ರೆಯಲ್ಲಿ ತೆಗೆದರು. ಜೀಪನ್ನು ಎಳೆದು ತಂದದ್ದು ಸೀನಿಚ್ಚಾಮಿಯ ಶೆಡ್ಡಿಗೆ. ಗೇರು ನ್ಯೂಟ್ರಲ್ಲಿನಲ್ಲಿತ್ತು. ಇಂಜಿನ್ ನಿಲ್ಲಿಸಲು ಎಳೆಯುವ ಗುಂಡಿ ಪೂರ್ತಿ ಹೊರಕ್ಕೆ ಬಂದೇ ಇತ್ತು. ಬಂದವರಿಗೆಲ್ಲ ಅದನ್ನು ಬೆರಳಿಟ್ಟು ತೋರಿಸಿದ. ಸತ್ತವನು ಕುಡಿದಿದ್ದ ಎಂದು ತಂಗಮುಡಿ ಹೇಳಿದ. ಕಾಸಿಮಾಯನ್ ಕುಡಿಯುತ್ತಿರಲಿಲ್ಲವೆಂದು ಬಲ್ಲ ಹತ್ತು ಡ್ರೈವರುಗಳೂ ಹೌದು ಕುಡಿದಿದ್ದ ಎಂದರು.

ಅಮಾವಾಸ್ಯೆಯ ದಿನ ತೋಟಕ್ಕೆ ರಜೆ. ಗ್ರೀಸು, ಆಯಿಲ್ಲು, ಬ್ರೇಕ್ ನೋಡಿಸುವುದಕ್ಕೆ ತಂಗಮುಡಿಯ ಜೀಪುಗಳೆಲ್ಲ ಅಂದು ಸೀನಿಚ್ಚಾಮಿಯ ಶೆಡ್ಡಿಗೆ ಬರುತ್ತಿದ್ದವು. ಆ ಅಮಾವಾಸ್ಯೆಗೆ ಅವನು ಹತ್ತೂ ಗಾಡಿಗಳ ನಿಲ್ಲಿಸುವ ಗುಂಡಿಯನ್ನು ಕೇಬಲ್ ಸಮೇತ ಕಿತ್ತ. ಇನ್ನು ಇಂಜಿನ್ ನಿಲ್ಲಿಸಬೇಕಾದರೆ ಗಾಡಿಯಿಂದ ಇಳಿದು, ಬಾನೆಟ್ ಎತ್ತಿ, ಪಂಪಿನ ಕೊಕ್ಕೆಯನ್ನು ಕೈಯಿಂದ ಒತ್ತಬೇಕು. ಮಾಡಿದ್ದನ್ನು ಅಡಗಿಸಲಿಲ್ಲ. ಕಿತ್ತ ಕೇಬಲ್ಲುಗಳನ್ನು ಕುಲುಮೆಗೆ ಹಾಕಿ ಸುಟ್ಟು, ಡ್ರೈವರುಗಳು ಬಂದಾಗ ಕರಕಲು ತಂತಿಗಳನ್ನು ತೋರಿಸಿದ.

ಹೊಡೆತ ಒಂಡಿವೀರನಿಂದಲೇ ಶುರುವಾಯಿತು. ಜಾಕಿಯ ಕಬ್ಬಿಣದ ಹಿಡಿಯಿಂದ ದವಡೆಗೆ ಬಾರಿಸಿದ. ಸೀನಿಚ್ಚಾಮಿ ಸ್ಪ್ಯಾನರ್ ಬೀಸಿ ಒಬ್ಬನ ಮೊಣಕಾಲಿನ ಚಿಪ್ಪು ಒಡೆದ, ಇನ್ನೊಬ್ಬನ ಹುಬ್ಬು ಸೀಳಿದ. ಒಂಬತ್ತು ಜನ ಮೇಲೆ ಬಿದ್ದ ಮೇಲೆ ಸ್ಪ್ಯಾನರ್ ಎಷ್ಟು ಹೊತ್ತು ನಡೆದೀತು? ನೆಲಕ್ಕೆ ಕೆಡವಿ ತುಳಿದರು. ಪಕ್ಕೆಲುಬು ಮುರಿದದ್ದು ರಸ್ತೆಯವರೆಗೆ ಕೇಳಿಸಿತೆಂದು ಎದುರಿನ ಪಂಕ್ಚರ್ ಅಂಗಡಿಯವನು ಆಮೇಲೆ ಹೇಳಿದ. ತುಳಿಯುತ್ತಲೇ ಒಬ್ಬ ಅಳುತ್ತಿದ್ದನಂತೆ, ನಮ್ಮನ್ನು ಬೆಲ್ಟಿಗೆ ಕೊಡುತ್ತೀಯಲ್ಲೋ ಪಾಪಿ ಎಂದು. ಸದ್ದು ಕೇಳಿ ಮನೆಯಿಂದ ಓಡಿಬಂದ ಪೇಚ್ಚಿ ಅವನನ್ನು ಮಗ್ಗುಲಿಗೆ ಹೊರಳಿಸಿದಾಗ ಬಾಯಿಂದ ಮೂರು ಹಲ್ಲು ಬಿದ್ದವು. ದವಡೆ ಜೋತುಬಿದ್ದಿತ್ತು. ಡ್ರೈವರುಗಳು ಅಂದೇ ತೇನಿಗೆ ಹೋಗಿ ಹತ್ತು ಹೊಸ ಕೇಬಲ್ ತಂದು ಹಾಕಿಸಿಕೊಂಡರು.

ಈ ಹೊಡೆತ ಪೇಚ್ಚಿಯ ತಲೆಯಲ್ಲಿ ಒಂದು ಲೆಕ್ಕವನ್ನು ಸರಿಮಾಡಿತು. ಅವಳೇ ನನಗೆ ಹೇಳಿದ್ದು. ಗಂಡನ ಮಾತು ಸುಳ್ಳಾಗಿದ್ದರೆ ಡ್ರೈವರುಗಳು ನಗುತ್ತಿದ್ದರು, ಕೊಲ್ಲಲು ಬರುತ್ತಿರಲಿಲ್ಲ.

ಮರುದಿನ ಗಂಡನನ್ನು ಆಸ್ಪತ್ರೆಯಲ್ಲಿ ಅವನ ಅಕ್ಕನ ವಶಕ್ಕೆ ಬಿಟ್ಟು ಅವಳು ಕೆಲಸಕ್ಕೆ ಹೋದಳು.  ಸಂಜೆ ಇಳಿಯುವಾಗ ಎಂದೂ ಕೂರದ ಜಾಗದಲ್ಲಿ, ಡ್ರೈವರಿನ ಬೆನ್ನಿಗೇ ಕೂತಳು. ಬೆಟ್ಟದ ತುದಿಯ ಬೋಡಿಮೆಟ್ಟು ದಾಟಿ ಇಳಿಜಾರು ಶುರುವಾಯಿತು. ಒಂಡಿವೀರನ ಎಡಗೈ ಗುಂಡಿಯ ಕಡೆ ಹೋದದ್ದನ್ನು ಅವಳು ಕಂಡಳು. ಗುಂಡಿ ಹೊರಬಂತು. ಸದ್ದು ನಿಂತಿತು. ಕರುಪ್ಪಾಯಿ ನಿದ್ದೆಗೆ ತಲೆ ವಾಲಿಸಿದಳು.

ಪೇಚ್ಚಿ ಕುಡುಗೋಲನ್ನು ಅವನ ಕತ್ತಿನ ಸುತ್ತ ತಂದು ಗಂಟಲಿಗೆ ಇಟ್ಟಳು.

"ಇಂಜಿನ್ ಹಾಕು."

"ಅಕ್ಕಾ, ತಿರುವು ಬರ್ತಿದೆ. ಆಟ ಆಡಬೇಡ."

"ಹಾಕು ಅಂದೆ."

ಅವನು ಹಾಕಲಿಲ್ಲ. ಗಾಡಿಯ ಓಟ ಏರುತ್ತಿತ್ತು. ಒಂದು ಸಲ ಬ್ರೇಕ್ ತುಳಿದ, ಇನ್ನೊಂದು ಸಲ ತುಳಿದ. ಪೇಚ್ಚಿ ಗಟ್ಟಿಯಾಗಿ ಎಣಿಸಿದಳು. ಎರಡು ಎಂದಾಗ ಕುಡುಗೋಲನ್ನು ಎಳೆದಳು. ಚರ್ಮ ಬಿಚ್ಚಿಕೊಂಡು ರಕ್ತ ಅಂಗಿಯೊಳಕ್ಕೆ ಇಳಿಯಿತು. ಅವನು ಕೂಗುತ್ತಾ ಗುಂಡಿಯನ್ನು ಒಳಕ್ಕೆ ಗುದ್ದಿ, ಗೇರು ಹಾಕಿ ಕ್ಲಚ್ ಬಿಟ್ಟ. ಇಂಜಿನ್ ಹತ್ತಿಕೊಂಡ ಹೊಡೆತಕ್ಕೆ ಹದಿನಾರು ಹೆಂಗಸರೂ ಒಬ್ಬರ ಮೇಲೊಬ್ಬರು ಬಿದ್ದರು. ಯಾರದೋ ಮೊಣಕೈ ತಗುಲಿ ಕರುಪ್ಪಾಯಿಯ ತುಟಿ ಒಡೆಯಿತು. ಜೀಪು ಬಂಡೆಯನ್ನು ಉಜ್ಜುತ್ತಾ ಇಪ್ಪತ್ತು ಮಾರು ಹೋಗಿ ನಿಂತಿತು. ಮುಂದೆ ಹತ್ತು ಹೆಜ್ಜೆಗೆ ತಿರುವು.

ಎಲ್ಲರೂ ಇಳಿದು ಪೇಚ್ಚಿಯನ್ನು ಹಿಗ್ಗಾಮುಗ್ಗಾ ಬೈದರು. ಅವಳು ಒಂಡಿವೀರನ ಕೂದಲು ಹಿಡಿದು ಕೆಳಗೆ ಎಳೆದು, ಸದ್ದು ಹೇಗೆ ನಿಲ್ಲುತ್ತದೆಂದು ಇವರಿಗೆ ತೋರಿಸು ಎಂದಳು. ಅವನು ಗುಂಡಿ ಎಳೆದು ತೋರಿಸಿದ, ಒತ್ತಿ ತೋರಿಸಿದ. ಉಂಗುರದ ಗುಣ ಎಂದುಕೊಂಡದ್ದೇನೆಂದು ಆಗ ಅವರಿಗೆ ತಿಳಿಯಿತು. ಕಾಲು ಕಳೆದುಕೊಂಡವಳ ತಂಗಿ ಗುಂಪಿನಲ್ಲಿದ್ದಳು. ಅವಳು ಒಂಡಿವೀರನ ಮುಖಕ್ಕೆ ಬುತ್ತಿ ಡಬ್ಬಿಯಿಂದ ಹೊಡೆದಳು. ಮುಚ್ಚಳ ಹಾರಿಹೋಗುವವರೆಗೆ ಹೊಡೆದಳು, ಯಾರೂ ಬಿಡಿಸಲಿಲ್ಲ. ಅಲ್ಲಿಂದ ಊರಿನವರೆಗೆ ನಡೆದೇ ಇಳಿದರು. ಹಿಂದೆ ಖಾಲಿ ಜೀಪು ಮೊದಲನೆಯ ಗೇರಿನಲ್ಲಿ ಕಿರುಚುತ್ತಾ ಬಂತು.

ಬೆಳಗಾಗುವಷ್ಟರಲ್ಲಿ ವಿಷಯ ಹೆಂಗಸರ ಎಲ್ಲ ಬೀದಿಗೂ ಹೋಗಿತ್ತು. ಆರು ಗಂಟೆಗೆ ಸ್ಟ್ಯಾಂಡಿನಲ್ಲಿ ನೂರೈವತ್ತು ಜನ ಕುಡುಗೋಲು ಹಿಡಿದು ನಿಂತಿದ್ದರು, ಒಬ್ಬರೂ ಜೀಪ್ ಹತ್ತಲಿಲ್ಲ. ಸೀನಿಚ್ಚಾಮಿಯೂ ಆಸ್ಪತ್ರೆಯಿಂದ ಎದ್ದು ಬಂದು ಟೀ ಅಂಗಡಿಯ ಬೆಂಚಿನಲ್ಲಿ ಕೂತಿದ್ದ. ದವಡೆಗೆ ತಂತಿ ಬಿಗಿದಿದ್ದರು, ಮಾತು ಹೊರಡುತ್ತಿರಲಿಲ್ಲ. ಅದು ಒಳ್ಳೆಯದೇ ಆಯಿತು. ಅವನು ಆಡಿದ ಮಾತಿನಿಂದ ಆ ಊರಿನಲ್ಲಿ ಯಾರೂ ಏನನ್ನೂ ಒಪ್ಪಿದವರಲ್ಲ.

ತಂಗಮುಡಿ ಬೆಲ್ಟ್ ಹಿಡಿದೇ ಬಂದ. ಹೆಂಗಸರ ಮಾತನ್ನು ಕೇಳಿಸಿಕೊಂಡು, ಉಂಗುರ ಸರಿಯಾಗಿಯೇ ಇದೆ, ಇಂಜಿನ್ ನಿಲ್ಲಿಸಿದರೂ ಏನೂ ಆಗುವುದಿಲ್ಲ, ಅಂಜುಬುರುಕರು ಮನೆಯಲ್ಲಿರಿ ಎಂದ.

"ಹಾಗಾದ್ರೆ ಇವತ್ತು ನೀವೂ ಬನ್ನಿ ಮೊದಲಾಳಿ," ಎಂದಳು ಪೇಚ್ಚಿ. "ಸಂಜೆ ಮುಂದಿನ ಸೀಟಲ್ಲಿ ಕೂತ್ಕೊಳ್ಳಿ. ಮೇಲೆ ಆ ಗುಂಡಿ ನೀವೇ ಎಳೀರಿ. ಕೆಳಗೆ ಬಂದು ಮುಟ್ಟಿದ್ರೆ ನಾಳೆಯಿಂದ ನಾವು ತುಟಿ ಬಿಚ್ಚಲ್ಲ."

"ನನಗೆ ತೇನಿಯಲ್ಲಿ ಕೆಲಸ ಇದೆ."

"ನಾಳೆ?" ಎಂದಳು ಕರುಪ್ಪಾಯಿ, ಊದಿದ ತುಟಿಯಲ್ಲೇ.

"ನಾಳೆಯೂ ಇದೆ."

"ಕೆಲಸ ಇಲ್ಲದ ದಿನ ಹೇಳಪ್ಪಾ ರಾಜಾ. ಅಲ್ಲೀವರೆಗೂ ನಾವು ಇಲ್ಲೇ ಕೂತಿರ್ತೀವಿ."

ರಸ್ತೆಯ ಮಧ್ಯೆ ಕೂತೇಬಿಟ್ಟರು. ಏಲಕ್ಕಿ ಕೊಯ್ಲಿನ ಕಾಲ. ಮೇಲಿನ ತೋಟಗಳಿಂದ ಫೋನಿನ ಮೇಲೆ ಫೋನು ಬರತೊಡಗಿತು, ಬೇರೆ ಜೀಪಿನವರನ್ನು ಕರೆಸುತ್ತೇವೆಂಬ ಬೆದರಿಕೆಯೂ ಬಂತು. ಒಂಬತ್ತು ಗಂಟೆಗೆ ತಂಗಮುಡಿಗೆ ತಡೆಯಲಾಗಲಿಲ್ಲ. ಹೆಂಗಸರ ಮೇಲೆ ಕೈ ಮಾಡುವ ಧೈರ್ಯವಿರದೆ, ಎಲ್ಲವೂ ನಿನ್ನಿಂದಲೇ ಎಂದು ಒಂಡಿವೀರನ ಕಡೆ ತಿರುಗಿ ಬೆಲ್ಟ್ ಬೀಸಿದ. ಒಂಡಿವೀರನ ಕತ್ತಿಗೆ ಬಟ್ಟೆ ಸುತ್ತಿತ್ತು, ಮುಖ ಬಾತಿತ್ತು. ಮೊದಲ ಏಟನ್ನು ಹೆಗಲ ಮೇಲೆ ತೆಗೆದುಕೊಂಡ. ಎರಡನೆಯದು ಬರುವಾಗ ಬೆಲ್ಟಿನ ತುದಿಯನ್ನು ಹಿಡಿದು ಎಳೆದ. ತಂಗಮುಡಿ ಮುಗ್ಗರಿಸಿ ಮಂಡಿಯೂರಿ ಬಿದ್ದ. ಒಂಡಿವೀರನ್ ಅದೇ ಬೆಲ್ಟಿನಿಂದ ಅವನ ಬೆನ್ನಿಗೆ ಒಂದೇ ಒಂದು ಏಟು ಕೊಟ್ಟು, ಬೆಲ್ಟನ್ನು ಚರಂಡಿಗೆ ಎಸೆದು, ಜೀಪಿನ ಬಾನೆಟ್ ಎತ್ತಿದ. ಸ್ಕ್ರೂಡ್ರೈವರಿನಿಂದ ಉಂಗುರವನ್ನು ಎಬ್ಬಿಸಿ ತಂದು ಮಾಲೀಕನ ಅಂಗಿಯ ಜೇಬಿಗೆ ಹಾಕಿದ.

"ಇದು ಕೊಟ್ಟ ಮೂರು ಕಿಲೋಮೀಟರ್ ಕಾಸಿಮಾಯನ್ ಜೀವದ್ದು, ಅಣ್ಣಾಚ್ಚಿ. ನಮ್ಮ ಗಾಡಿ ಕೊಡೋದು ಹತ್ತು."

ಉಳಿದ ಒಂಬತ್ತು ಬಾನೆಟ್ಟುಗಳೂ ಮೇಲೆದ್ದವು.

ಹತ್ತು ಡ್ರೈವರುಗಳನ್ನು ಒಟ್ಟಿಗೆ ಕೆಲಸದಿಂದ ಬಿಡಿಸಿದರೆ ಬೆಟ್ಟ ಹತ್ತಿಸುವವರು ಬೇರೆ ಸಿಗುವುದಿಲ್ಲ. ತಂಗಮುಡಿ ಲೀಟರಿಗೆ ಹತ್ತನ್ನು ಒಪ್ಪಿದ. ಮೂರು ತಿಂಗಳು ಹೆಂಗಸರು ಸರದಿಯ ಮೇಲೆ ಡ್ರೈವರಿನ ಬೆನ್ನಿಗೆ ಕುಡುಗೋಲು ಹಿಡಿದು ಕೂತರು, ಆಮೇಲೆ ಬಿಟ್ಟರು. ಸೀನಿಚ್ಚಾಮಿಗೂ ಒಂಡಿವೀರನಿಗೂ ಮತ್ತೆ ಮಾತಾಗಲಿಲ್ಲ. ಒಂಡಿವೀರನ್ ಗಾಡಿಯನ್ನು ಮಾತ್ರ ಅವನ ಶೆಡ್ಡಿಗೇ ತರುತ್ತಿದ್ದ, ದೂರ ನಿಂತು ಕಾಯುತ್ತಿದ್ದ. ಗಂಡ ಹೇಳಿದ್ದು ಸರಿಯಾಗಿತ್ತೆಂದು ಪೇಚ್ಚಿ ಒಂದು ದಿನವೂ ಬಾಯಿಬಿಟ್ಟು ಹೇಳಲಿಲ್ಲ. ಇಳಿಯುವಾಗಿನ ಸದ್ದಿಗೆ ತಲೆ ಸಿಡಿಯುತ್ತದೆ ಎಂದು ಗೊಣಗುತ್ತಿದ್ದಳು.

ಗುಣಶೇಖರನ್ ಮರುವರ್ಷ ಬಾಟಲಿಯಲ್ಲಿ ಮೈಲೇಜು ಹೆಚ್ಚಿಸುವ ಕೆಂಪು ದ್ರಾವಣ ತುಂಬಿಕೊಂಡು ಬಂದ. ತಂಗಮುಡಿ ಅದನ್ನೂ ಕೊಂಡ. ತಾನು ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಓಡಾಡುವ ಸ್ವಂತ ಕಾರಿಗೆ ಮಾತ್ರ ಹಾಕಿದ. ಅದಕ್ಕೆ ಊರಿನಲ್ಲಿ ಯಾರೂ ಅಡ್ಡ ಬರಲಿಲ್ಲ.